ಎಡಗೈಗೆ ಕಮಾನು

ಜೂನ್ 29, ಭಾನುವಾರ

ಪಿಟೀಲು ಶಿಬಿರಕ್ಕೆ ಹೆಸರು ಕೊಟ್ಟೆ, ನನ್ನದು ಮತ್ತು ಮಗಳು ರೋನಾಳದು. ಫೋನೆತ್ತಿದ ಹುಡುಗಿ "ಯಾವ ತರಗತಿಗೆ?" ಎಂದು ಕೇಳಿದಳು. "ಹೊಸಬರ ತರಗತಿಗೆ" ಎಂದೆ. "ಮಗಳಿಗಾ?" "ಅಲ್ಲ, ನಂಗೆ." ಅದೇ ಶಿಬಿರದಲ್ಲಿ ವರ್ಷಗಟ್ಟಲೆ ಮೇಲಿನ ತರಗತಿಗೆ ಪಾಠ ಹೇಳಿದವಳು ನಾನು. ಕೇಪ್ ಬ್ರೆಟನ್ ದ್ವೀಪದ ಈ ಭಾಗದಲ್ಲಿ ನಾನು ಪಿಟೀಲು ನುಡಿಸದ ಮದುವೆ ಕಡಿಮೆ. ಪಾಪ, ಆ ಹುಡುಗಿ ನನ್ನ ಹೆಸರನ್ನು ಎರಡು ಸಲ ಕೇಳಿ ಬರೆದುಕೊಂಡಳು.

ಕಳೆದ ನವೆಂಬರಿನಲ್ಲಿ ಸೌದೆ ಸೀಳುವ ಯಂತ್ರ ನನ್ನ ಎಡಗೈಯ ಕೊನೆಯ ಎರಡು ಬೆರಳು ತೆಗೆದುಕೊಂಡಿತು. ತಂತಿ ಒತ್ತುವ ಕೈ. ಉಳಿದ ಎರಡು ಬೆರಳು ಮತ್ತು ಹೆಬ್ಬೆರಳು ಕಮಾನು ಹಿಡಿಯುವುದಕ್ಕೆ ಸಾಕು. ಹಾಗಾಗಿ ಇನ್ನು ಮೇಲೆ ಎಡಗೈಗೆ ಕಮಾನು, ಬಲಗೈಗೆ ತಂತಿ. ಒಂದು ಹಳೆಯ ಪಿಟೀಲಿಗೆ ತಂತಿಗಳನ್ನು ತಿರುವುಮುರುವು ಕಟ್ಟಿಸಿ, ತಂತಿಗಳನ್ನು ಹೊರುವ ಕುದುರೆಯನ್ನೂ ಹಾಗೇ ಕೆತ್ತಿಸಿ ತಂದಿದ್ದೇನೆ.

ಊಟಕ್ಕೆ ಕೂತಾಗ ಗಂಡ ಲಾಕಿಗೆ ಹೇಳಿದೆ. ಏಡಿ ಹಿಡಿದು ದಣಿದು ಬಂದಿದ್ದ. ಚಮಚ ಕೆಳಗಿಟ್ಟ.

"ಎಫೀ, ಅಲ್ಲಿ ಎಲ್ರಿಗೂ ನೀನು ಗೊತ್ತು."

"ಗೊತ್ತಿರ್ಲಿ."

"ಪುಟ್ಟ ಪುಟ್ಟ ಮಕ್ಕಳ ಜೊತೆ ಕೂತ್ಕೋತೀಯಾ?"

"ಮೊಣಕಾಲು ಇನ್ನೂ ಮಡಚುತ್ತಲ್ಲ."

ಶನಿವಾರ ಕೊನೆಯ ಕುಣಿತದ ಸಂಜೆ. ಅವತ್ತು ವೇದಿಕೆ ಹತ್ತಿ ಒಬ್ಬಳೇ ಒಂದು ಮಟ್ಟು ನುಡಿಸಬೇಕು. 'ಅಯ್ಯೋ ಪಾಪ ಎಫಿ' ಎನ್ನುವ ಬಾಯಿಗಳೆಲ್ಲ ಮುಚ್ಚಬೇಕು. ನನಗೆ ಬೇಕಾಗಿರುವುದು ಇಷ್ಟೇ.

ರೋನಾಳ ಪಿಟೀಲೂ ಬರುತ್ತದೆ, ಅವಳು ಪೆಟ್ಟಿಗೆ ತೆಗೆಯಲಿ ಬಿಡಲಿ. ನವೆಂಬರಿನಿಂದ ಮುಟ್ಟಿಲ್ಲ. ಹದಿನಾರರ ಹುಡುಗಿಯರಿಗೆ ಒಂದು ಹುಚ್ಚು ಹಿಡಿಯುತ್ತದೆ, ಒಂದು ಬಿಡುತ್ತದೆ. ನಾನು ಸುಮ್ಮನಿದ್ದೇನೆ.

ಜುಲೈ 6, ಭಾನುವಾರ

ಬಂದು ಸೇರಿದೆವು. ಸರೋವರದ ಮೇಲೆ ಮಂಜು, ಕೊಠಡಿಯ ತುಂಬ ಸೊಳ್ಳೆ. ಎಲ್ಲ ಹಳೆಯದೇ.

ಕಾರಿನಿಂದ ಇಳಿದದ್ದೇ ತಡ ಅಪ್ಪುಗೆಗಳು ಶುರುವಾದವು. ಎಲ್ಲರೂ ನನ್ನ ಮುಖ ನೋಡಿ ನಗುತ್ತಾರೆ, ಆಮೇಲೆ ಕಣ್ಣು ಕೈಗವುಸಿಗೆ ಇಳಿಯುತ್ತದೆ, ಮತ್ತೆ ಗಡಬಡಿಸಿ ಮುಖಕ್ಕೆ ಏರುತ್ತದೆ. ಜುಲೈನಲ್ಲಿ ಉಣ್ಣೆಯ ಕೈಗವುಸು. ಸೆಕೆಯಾದರೂ ತೆಗೆಯುವುದಿಲ್ಲ.

ಹೊಸಬರ ತರಗತಿಗೆ ಈ ವರ್ಷ ಜಿನೆಟ್ ಪಾಠ ಹೇಳುತ್ತಾಳೆ. ಶೆಟಿಕ್ಯಾಂಪಿನವಳು. ನನ್ನ ಅಡುಗೆಮನೆಯ ಮೇಜಿನ ಪಕ್ಕದಲ್ಲೇ ಕಲಿತ ಹುಡುಗಿ. ನನ್ನನ್ನು ನೋಡಿ ಕಿವಿಯವರೆಗೂ ಕೆಂಪಾದಳು.

"ಮಿಸೆಸ್ ಗಿಲ್ಲಿಸ್, ನಾನು ನಿಮಗೆ ಪಾಠ ಹೇಳೋದಾ? ಬೇಡಾರೀ."

"ಸಂಬಳ ತಗೋತೀಯೋ ಇಲ್ವೋ? ಹೇಳು."

ಸಭಾಂಗಣದ ಕರಿಹಲಗೆಯಲ್ಲಿ ಶನಿವಾರ ಒಂಟಿಯಾಗಿ ನುಡಿಸುವವರು ಹೆಸರು ಬರೆಯಬೇಕು. ಮೊದಲ ಹೆಸರು ನನ್ನದು. ಸೀಮೆಸುಣ್ಣ ಮುರಿಯುವ ಹಾಗೆ ಒತ್ತಿ ಬರೆದೆ.

ರೋನಾ ಯಾವ ತರಗತಿಗೂ ಹೆಸರು ಕೊಡಲಿಲ್ಲ. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಾಳಂತೆ.

ಜುಲೈ 7, ಸೋಮವಾರ

ಬಾಲ ಬಾಗಿಲಿಗೆ ಸಿಕ್ಕಿದ ನರಿಯೂ ನನ್ನ ಪಿಟೀಲಿಗಿಂತ ಇಂಪಾಗಿ ಕೂಗುತ್ತದೆ. ಬಲಗೈಯ ಬೆರಳುಗಳು ತಂತಿಯ ಮೇಲೆ ಹಸುವಿನ ಕಾಲಿನ ಹಾಗೆ ಬೀಳುತ್ತವೆ. ತಲೆಗೆ ಎಲ್ಲ ಗೊತ್ತು, ಕೈಗೆ ಏನೂ ಗೊತ್ತಿಲ್ಲ.

ನನ್ನ ಎಡಕ್ಕೆ ರಾಡಿ ಎಂಬ ಮುದುಕ ಕೂತಿದ್ದ. ಗ್ಲೇಸ್ ಬೇ ಕಡೆಯವನು, ಗಣಿಯಲ್ಲಿದ್ದವನು. ಟೆಸ್ ಎಂಬ ಏಳು ವರ್ಷದ ಮೊಮ್ಮಗಳು ಹಟ ಹಿಡಿದಳಂತೆ, ಅಜ್ಜನೂ ಕಲಿತರೆ ಮಾತ್ರ ತಾನು ಕಲಿಯುವುದಂತೆ. ಎಲ್ಲರ ಕಮಾನು ಬಲಕ್ಕೆ ಚಾಚುತ್ತದೆ, ನನ್ನದು ಎಡಕ್ಕೆ. ಮೊದಲ ಎಳೆತಕ್ಕೇ ನನ್ನ ಮೊಣಕೈ ಅವನ ಮೊಣಕೈಗೆ ಬಡಿಯಿತು. ಎರಡನೆಯದಕ್ಕೆ ಅವನ ಕನ್ನಡಕ ಹಾರಿತು.

"ಏ ಹುಡುಗಿ! ಗಣಿ ಕುಸಿದಾಗ್ಲೂ ನಂಗಿಷ್ಟು ಏಟು ಬಿದ್ದಿರ್ಲಿಲ್ಲ."

ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ನಾನು ನಗಲಿಲ್ಲ. ಸಾಲಿನ ಎಡತುದಿಗೆ ಕುರ್ಚಿ ಎಳೆದುಕೊಂಡು ಹೋದೆ. ಮುದುಕ ತನ್ನ ಕುರ್ಚಿಯನ್ನೂ ಎತ್ತಿಕೊಂಡು ಬಂದು ನನ್ನ ಬಲಕ್ಕೆ ಹಾಕಿಕೊಂಡ. ಈಗ ನಮ್ಮ ಪಿಟೀಲುಗಳ ಮೂಗಿಗೆ ಮೂಗು ತಾಗುತ್ತದೆ.

ಮಧ್ಯಾಹ್ನ ಬಿಡುವಿನಲ್ಲಿ ಎಲ್ಲರೂ ಈಜಲು ಹೋದರು. ನಾನು ಸೌದೆ ಕೊಟ್ಟಿಗೆಯ ಹಿಂದೆ ನಿಂತು ಸ್ವರಸಾಲು ನುಡಿಸಿದೆ. ನಾಳೆ ಇದಕ್ಕಿಂತ ಹೆಚ್ಚು ಹೊತ್ತು.

ಜುಲೈ 8, ಮಂಗಳವಾರ

ಟೆಸ್ ಬೆಳಿಗ್ಗೆ ಎಲ್ಲರೆದುರು ಕೇಳಿದಳು: "ನಿಮ್ಮ ಗ್ಲೌಸ್ ಒಳಗೆ ಏನಿದೆ?"

ರಾಡಿ ಅವಳ ಜಡೆ ಎಳೆದ. ಬೆವರಿ ಹೇಗೂ ಕಮಾನು ಜಾರುತ್ತಿತ್ತು. ತೆಗೆದು ತೋರಿಸಿದೆ.

"ಎಲ್ಲಿ ಹೋದ್ವು?"

"ಯಂತ್ರ ತಿಂತು."

"ಮತ್ತೆ ಬರುತ್ತಾ?"

"ಇಲ್ಲ."

"ನನ್ ಹಲ್ಲು ಬರುತ್ತೆ," ಎಂದು ಬಾಯಿ ತೆರೆದು ಖಾಲಿ ಜಾಗ ತೋರಿಸಿದಳು. ಆಮೇಲೆ ಸಾಲಾಗಿ ಎಲ್ಲರೂ ತಮ್ಮ ತಮ್ಮ ಗಾಯ ತೋರಿಸಲು ಬಂದರು. ಒಬ್ಬನ ಮೊಣಕಾಲು, ಒಬ್ಬಳ ಹುಬ್ಬು. ರಾಡಿ ಅಂಗಿ ಎತ್ತಲು ಹೋದ. ಜಿನೆಟ್ ತಡೆದಳು.

ಸಂಜೆ ಆದದ್ದು ಬೇರೆ. ಊಟದ ಮನೆಯ ಮೆಟ್ಟಿಲ ಮೇಲೆ ಮಕ್ಕಳ ಜೊತೆ ಕೂತು ಇವತ್ತಿನ ಪಾಠದ ನಡಿಗೆಯ ಮಟ್ಟು ಉಜ್ಜುತ್ತಿದ್ದೆ. ರೋನಾ ಕೈಯಲ್ಲಿ ತಟ್ಟೆಗಳ ಗೋಪುರ ಹಿಡಿದು ಹೊರಗೆ ಬಂದಳು. ನಿಂತಳು.

"ಅಮ್ಮಾ, ಸಾಕು ಮಾಡು."

"ಯಾಕೆ?"

"ಎಲ್ರೂ ನೋಡ್ತಿದಾರೆ. ನೀನ್ ಹೀಗೆ ಕಿರ್ ಕಿರ್ ಅನ್ಸೋದನ್ನ ನಂಗೆ ನೋಡೋಕಾಗಲ್ಲ."

"ನೋಡ್ಬೇಡ. ನಿಂಗೆ ತೋರ್ಸೋಕೆ ನುಡಿಸ್ತಿಲ್ಲ ನಾನು."

ತಟ್ಟೆಗಳನ್ನು ಮೆಟ್ಟಿಲ ಮೇಲೇ ಇಟ್ಟು ಸರೋವರದ ಕಡೆ ಹೋದಳು. ಒಂದೂ ಒಡೆಯಲಿಲ್ಲ, ಅಷ್ಟು ಮೆಲ್ಲಗೆ ಇಟ್ಟಳು. ಅದೇ ನನ್ನನ್ನು ಹೆಚ್ಚು ಕೆರಳಿಸಿತು.

ನವೆಂಬರಿನಲ್ಲಿ ಅವತ್ತು ಯಂತ್ರದ ಹಿಡಿಕೆ ಅವಳ ಕೈಯಲ್ಲಿತ್ತು. ಮರದ ತುಂಡು ಜಾರಿತು, ನಾನು ಹಿಡಿಯಲು ಹೋದೆ, ಅವಳು ಅದಾಗಲೇ ಎಳೆದಿದ್ದಳು. ಆ ಮಾತನ್ನು ನಾನು ಒಂದು ದಿನವೂ ಎತ್ತಿಲ್ಲ. ಲಾಕಿಗೂ ಎತ್ತಬಾರದೆಂದು ಹೇಳಿದ್ದೇನೆ. ಇನ್ನೇನು ಮಾಡಬೇಕಿತ್ತು?

ಜುಲೈ 9, ಬುಧವಾರ

ಮೋಡ. ಕೈ ನೋವು. ಬೆರಳಿಲ್ಲದ ಕಡೆಯೇ ಹೆಚ್ಚು ನೋವು.

ಊಟವಾದ ಮೇಲೆ ಜಗಲಿಯಲ್ಲಿ ದೊಡ್ಡವರೆಲ್ಲ ಸುತ್ತ ಕೂತು ನುಡಿಸುತ್ತಿದ್ದರು. ನಾನೂ ಹೋಗಿ ಕೂತೆ. ಮರುಕ್ಷಣ ಮಟ್ಟು ಆಮೆಯಾಯಿತು. ಬಿರುಸಿನ ಕುಣಿತದ ಮಟ್ಟಾದ ರೀಲನ್ನು ಶವದ ಹಿಂದೆ ಹೋಗುವವರ ಹಾಗೆ ಎಳೆಯತೊಡಗಿದರು.

"ನಂಗೋಸ್ಕರ ನಿಧಾನ ಮಾಡ್ಬೇಡಿ," ಎಂದೆ. ದನಿ ಜೋರಾಯಿತು.

ಮೂಲೆಯಿಂದ ರಾಡಿ: "ನಿಂಗೋಸ್ಕರ ಅಂತ ಯಾರಂದ್ರು? ನಂಗೋಸ್ಕರ. ನಾನ್ ಕೇಳ್ದೆ. ಎಲ್ಲಾ ನಿನ್ ಸುತ್ತಾನೇ ತಿರುಗಲ್ಲ ಹುಡುಗಿ. ಕಲ್ಲಿದ್ದಲು ಕುಯ್ದು ಕುಯ್ದು ಈಗ ಪಿಟೀಲು ಕುಯ್ಯೋಕೆ ಬಂದಿದೀನಿ. ಕಲ್ಲಿದ್ದಲು ಇಷ್ಟು ಅರಚ್ತಿರ್ಲಿಲ್ಲ. ಕೂತ್ಕೋ."

ಕೂತೆ. ಅವನು ತಪ್ಪಿದಲ್ಲಿ ನಾನು ಹಿಡಿದೆ, ನಾನು ತಪ್ಪಿದಲ್ಲಿ ಅವನೂ ತಪ್ಪಿದ. ಕಾಕಂಬಿ ಸವರಿದ ಬಿಸಿ ರೊಟ್ಟಿಯನ್ನು ಯಾರೋ ನನ್ನ ತೊಡೆಯ ಮೇಲಿಟ್ಟು ಹೋದರು.

ರೋನಾ ಅಡುಗೆಮನೆಯಿಂದ ಹೊರಗೆ ಬರಲಿಲ್ಲ.

ಜುಲೈ 10, ಗುರುವಾರ

ಇವತ್ತಿನದನ್ನು ಸರಿಯಾಗಿ ಬರೆಯಬೇಕು.

ಬೆಳಿಗ್ಗೆ ಜಿನೆಟ್ ದವಡೆ ಊದಿಸಿಕೊಂಡು ನನ್ನ ಬಾಗಿಲಿಗೆ ಬಂದಳು. ಹಲ್ಲುನೋವು. ನಮ್ಮ ದ್ವೀಪದ ಸಿಡ್ನಿ ಪಟ್ಟಣದ ದಂತವೈದ್ಯರ ಹತ್ತಿರ ಹೋಗಲೇಬೇಕು.

"ತರಗತಿ ನೀವು ತಗೊಳ್ಳಿ ಎಫಿ." ಮೊದಲ ಸಲ ಹೆಸರು ಹಿಡಿದು ಕರೆದಳು.

"ನುಡಿಸಿ ತೋರ್ಸೋಕೆ ನಂಗಾಗಲ್ಲ ಕಣೇ."

"ನುಡಿಸೋಕೆ ಆಗದಿದ್ರೆ ಬಾಯಲ್ಲಿ ಹೇಳಿ. ನಂಗೆ ಮೊದಲ್ನೇ ಮಟ್ಟು ನೀವು ಹಿಟ್ಟು ನಾದ್ತಾ ನಾದ್ತಾ ಬಾಯಲ್ಲೇ ಕಲಿಸಿದ್ದು."

ಅದು ನಿಜ. ನನಗೂ ನನ್ನ ಅಮ್ಮ ಹಾಗೇ ಕಲಿಸಿದ್ದು. ಅವಳ ಕೈಗೆ ಯಾವತ್ತೂ ಬಿಡುವಿರಲಿಲ್ಲ, ಬಾಯಿಗೆ ಇತ್ತು.

ಊಟದ ಮನೆಯಲ್ಲಿ ತರಗತಿ. ಅಪ್ಪ ಮದುವೆಗಳಲ್ಲಿ ನುಡಿಸುತ್ತಿದ್ದ ಒಂದು ರೀಲನ್ನು ಬಾಯಲ್ಲಿ ಹಾಡಿದೆ. ಅರ್ಥವಿಲ್ಲದ ಗೇಲಿಕ್ ಪದಗಳು, ನಾಲಿಗೆ ಹೊರಳುವುದಕ್ಕೆ ಅಂತ ಇರುವಂಥವು. ಮಕ್ಕಳು ಚಪ್ಪಾಳೆ ತಟ್ಟಿದರು, ಕಾಲು ಕುಟ್ಟಿದರು. ಮೊದಲ ಭಾಗ ಎಲ್ಲರ ಬಾಯಿಗೂ ಬಂತು. ಎರಡನೆಯ ಭಾಗಕ್ಕೆ ಹೋದೆ. ಆಗ ಅಡುಗೆಮನೆಯ ಕಿಂಡಿಯಿಂದ ದನಿ ಬಂತು:

"ಅದು ಹಂಗಲ್ಲ."

ರೋನಾ. ಕೈಯಲ್ಲಿ ಸೋಪಿನ ನೊರೆ.

"ಹೆಂಗೆ ಮತ್ತೆ?"

"ಕೊನೇಲಿ ಇಳೀಬೇಕು. ನೀನು ಮೇಲಕ್ಕೆ ಹೋಗ್ತಿದೀಯ."

"ನಮ್ಮಪ್ಪ ಮೇಲಕ್ಕೇ ಹೋಗ್ತಿದ್ದ."

"ತಾತ ಇಳೀತಿದ್ರು. ನಾನು ಅವರ ಮಂಡಿ ಪಕ್ಕ ಕೂತು ಕಲ್ತಿದೀನಿ."

"ನಾನು ಅವರ ಮನೇಲಿ ಹುಟ್ಟಿದೀನಿ!"

ಮಕ್ಕಳ ತಲೆಗಳು ಅತ್ತ ಇತ್ತ ಹೊರಳುತ್ತಿದ್ದವು. ರಾಡಿ ತನ್ನ ಪಿಟೀಲನ್ನು ಕಿಂಡಿಯೊಳಗೆ ತೂರಿಸಿದ. "ಬಾಯಲ್ಲಿ ಕಚ್ಚಾಡೋದು ಯಾಕೆ? ನುಡಿಸಿ ತೋರ್ಸು ಮಗಾ."

ಅವಳು ಅದನ್ನು ನೋಡಿದಳು. ಒಲ್ಲೆ ಎನ್ನುತ್ತಾಳೆ ಅಂದುಕೊಂಡೆ. ಆದರೆ ನನ್ನ ಮೇಲಿನ ಸಿಟ್ಟು ಅವಳಿಗೆ ಬೇರೆಲ್ಲದಕ್ಕಿಂತ ದೊಡ್ಡದಾಗಿತ್ತು. ಕೈಯನ್ನು ಲಂಗಕ್ಕೆ ಒರೆಸಿಕೊಂಡು, ಆ ಕಿಂಡಿಯೊಳಗೇ ನಿಂತು, ಎರಡನೆಯ ಭಾಗವನ್ನು ಬಾರಿಸಿದಳು. ಇಳಿದೇ ಇಳಿದಳು.

ಟೆಸ್ "ಇನ್ನೊಂದ್ಸಲ" ಎಂದಳು. ರೋನಾ ಈ ಕಡೆ ಬಂದು ಅವಳ ಮುಂದೆ ಮಂಡಿಯೂರಿ ಕೂತು, ಒಂದೊಂದೇ ಬೆರಳಾಗಿ ತೋರಿಸಿದಳು. ಊಟದ ಗಂಟೆ ಹೊಡೆಯುವವರೆಗೂ ತರಗತಿ ನಡೆಯಿತು. ನಾನು ಬಾಯಲ್ಲಿ, ಅವಳು ತಂತಿಯಲ್ಲಿ. ನಮ್ಮವರು ಇವತ್ತು ಒಂದಿಡೀ ರೀಲು ದಾಟಿದರು, ಕುಂಟುತ್ತಾ.

ಅಪ್ಪ ಮೇಲಕ್ಕೇ ಹೋಗುತ್ತಿದ್ದ. ನನಗೆ ಚೆನ್ನಾಗಿ ನೆನಪಿದೆ.

ಇವತ್ತು ನನ್ನ ಅಭ್ಯಾಸ ಮಾಡಲಿಲ್ಲ. ಮರೆತೇ ಹೋಯಿತು.

ಜುಲೈ 11, ಶುಕ್ರವಾರ

ತಿಂಡಿಗೆ ಮೊದಲು ದೋಣಿ ಕಟ್ಟುವ ಹಲಗೆಯ ಮೇಲೆ ರೋನಾ ಕಾಲು ಇಳಿಬಿಟ್ಟು ಕೂತಿದ್ದಳು. ಎರಡು ಲೋಟ ಚಹಾ ತೆಗೆದುಕೊಂಡು ಹೋಗಿ ಪಕ್ಕದಲ್ಲಿ ಕೂತೆ. ಮಂಜು ಇನ್ನೂ ಕರಗಿರಲಿಲ್ಲ.

"ನೀನು ನಂಗೆ ಬೈಲೇ ಇಲ್ಲ," ಎಂದಳು.

"ನಿನ್ನೆನಾ?"

"ಅವತ್ತು."

ಚಹಾ ಬಾಯಿಯವರೆಗೆ ಹೋಗಿದ್ದು ಅಲ್ಲೇ ನಿಂತಿತು.

"ಯಾಕ್ ಬೈಬೇಕು? ತುಂಡು ಜಾರ್ತು. ಅದೊಂದು ಗಳಿಗೆ."

"ಆಸ್ಪತ್ರೇಲಿ ನೀನು ನಂಗೆ 'ಊಟ ಮಾಡಿದ್ಯಾ' ಅಂದೆ. ಮನೆಗ್ ಬಂದ್ಮೇಲೂ ಏನಿಲ್ಲ. ಅಪ್ಪನೂ ಏನಿಲ್ಲ. ಬೈದಿದ್ರೆ ಮುಗಿದ್ಹೋಗ್ತಿತ್ತು. ನೀನು ಕೈ ಮುಚ್ಕೊಂಡು ಓಡಾಡ್ದೆ, ಅಷ್ಟೆ. ನಾನು ಪಿಟೀಲು ಮುಟ್ಟಿದ್ರೆ ನಿಂಗೆ ಹೆಂಗಾಗುತ್ತೆ ಅಂತ..."

ಎಂಟು ತಿಂಗಳು ಇದನ್ನು ಒಳಗಿಟ್ಟುಕೊಂಡು ಈ ಹುಡುಗಿ ನನ್ನ ಎದುರಿಗೆ ಕೂತು ಊಟ ಮಾಡಿದ್ದಾಳೆ.

"ಬೈಬೇಕಾ? ಬೈತೀನಿ, ಕೇಳು," ಎಂದೆ. "ಯಂತ್ರ ತಿಂದಿದ್ದು ನನ್ನ ಎರಡು ಬೆರಳು. ನಿನ್ನ ಹತ್ತು ಬೆರಳು ತಿಂದವರ್ಯಾರು? ನೀನೇ. ಒಂದು ಮನೇಲಿ ಹನ್ನೆರಡು ಬೆರಳು ಹಾಳು! ಎರಡಕ್ಕೆ ನಾನು ಅತ್ತಾಯ್ತು. ಉಳಿದ ಹತ್ತಕ್ಕೆ ಅಳೋಕೆ ನನ್ ಕೈಲಾಗಲ್ಲ. ತಾತ ಕೊಟ್ಟ ಪಿಟೀಲು ಪೆಟ್ಟಿಗೇಲಿ ಕೂತ್ಕೊಂಡು ಒಣಗ್ತಿದೆ. ನಾಚಿಕೆ ಆಗಲ್ವಾ ನಿಂಗೆ?"

ದನಿ ಎಲ್ಲಿಂದ ಅಷ್ಟು ಬಂತೋ. ಹುಲ್ಲಿನಲ್ಲಿದ್ದ ಬಾತುಕೋಳಿಗಳು ರೆಕ್ಕೆ ಬಡಿದು ಎದ್ದು ಹೋದವು.

ರೋನಾ ಅಳುತ್ತಿದ್ದಳು. ಮೂಗು ಒರೆಸಿಕೊಂಡು, "ಹೆಬ್ಬೆರಳನ್ನೂ ಸೇರ್ಸಿದ್ಯಾ?" ಎಂದಳು.

"ಸೇರ್ಸಿದೀನಿ. ಹೆಬ್ಬೆರಳಿಲ್ದೆ ಕಮಾನು ಹೆಂಗೆ ಹಿಡೀತೀಯ?"

ನನ್ನ ಎಡಗೈಯನ್ನು ತೆಗೆದುಕೊಂಡು ತೊಡೆಯ ಮೇಲೆ ಇಟ್ಟುಕೊಂಡಳು. ಅಲ್ಲಿಯವರೆಗೆ ಅವಳು ಅದನ್ನು ನೇರವಾಗಿ ನೋಡಿಯೇ ಇರಲಿಲ್ಲ. ಹೊಲಿಗೆಯ ಗುರುತಿನ ಮೇಲೆ ಬೆರಳಾಡಿಸಿ, "ಒರಟಾಗಿದೆ," ಎಂದಳು. "ಕಮಾನು ಹಿಡ್ದು," ಎಂದೆ. ಚಹಾ ಆರಿಹೋಗಿತ್ತು. ಹಾಗೇ ಕುಡಿದೆವು.

ಮಧ್ಯಾಹ್ನ ಪೆಟ್ಟಿಗೆ ತೆಗೆದಳು. ತಂತಿಗಳು ಸಡಿಲವಾಗಿದ್ದವು, ಒಂದು ಕಿತ್ತೇ ಹೋಗಿತ್ತು. ಬಾಯಿ ಊದಿದ್ದ ಜಿನೆಟ್ ತನ್ನದರಿಂದ ಒಂದು ಕೊಟ್ಟಳು.

ಜುಲೈ 12, ಶನಿವಾರ

ಮಕ್ಕಳಿಗೆ ಬೆಳಗಿನಿಂದಲೇ ಸಂಜೆಯ ದಿಗಿಲು. ರಾಡಿಗೆ ಎಲ್ಲರಿಗಿಂತ ಹೆಚ್ಚು. ಗಡ್ಡ ಕೆರೆಯುವಾಗ ಕೊಯ್ದುಕೊಂಡು ಕಾಗದ ಅಂಟಿಸಿಕೊಂಡು ಬಂದಿದ್ದ.

ಸಂಜೆ ಸಭಾಂಗಣ ತುಂಬಿತ್ತು. ಮನೆಮನೆಗಳಿಂದ ಜನ. ಲಾಕಿ ಶುಭ್ರ ಅಂಗಿ ಹಾಕಿಕೊಂಡು ಬಂದಿದ್ದ. ಮೊದಲು ಒಂಟಿಯಾಗಿ ನುಡಿಸುವವರು. ನಾನು ನಮ್ಮವರನ್ನು ಹಿಂದಿನ ಮೆಟ್ಟಿಲಿನ ಮೇಲೆ ಕೂರಿಸಿ ಒಬ್ಬೊಬ್ಬರದಾಗಿ ಶ್ರುತಿ ಮಾಡುತ್ತಿದ್ದೆ. ಟೆಸ್‌ಳ ಪಿಟೀಲಿನ ತಂತಿ ಬಿಗಿಯುವ ಬಿರಡೆ ನಿಲ್ಲುತ್ತಲೇ ಇಲ್ಲ, ತಿರುಗಿಸಿದರೆ ಜಾರುತ್ತದೆ, ಅವಳು ಒಳಗೆ ಬರುವುದೇ ಇಲ್ಲವೆಂದು ಕಂಬ ಅಪ್ಪಿಕೊಂಡು ನಿಂತಳು. ಬಿರಡೆಗೆ ಸೀಮೆಸುಣ್ಣ ಸವರಿ, ಅದುಮಿ, ಅವಳ ಮೂಗು ಒರೆಸಿ, ಅಂತೂ ಸರಿಯಾಯಿತು.

ಲಾಕಿ ಓಡಿ ಬಂದ. "ಎಫೀ! ಎಲ್ಲಿದ್ದೆ? ನಿನ್ ಹೆಸರು ಎರಡು ಸಲ ಕರೆದ್ರು."

"ಕೇಳಿಸ್ಲಿಲ್ಲ. ಈ ಬಿರಡೆ ನೋಡು."

"ಹೋಗಿ ಹೇಳ್ಲಾ? ಮತ್ತೆ ಕರೀತಾರೆ."

"ಈಗ ನಮ್ ಗುಂಪಿಂದು ಇದೆ, ದಾರಿ ಬಿಡು."

ಹತ್ತಿದೆವು. ನಾನು ಎಡತುದಿ, ಪಕ್ಕದಲ್ಲಿ ರಾಡಿ. ನಡಿಗೆಯ ಮಟ್ಟು ಹೆಜ್ಜೆ ತಪ್ಪದೆ ಬಂತು. ರೀಲಿನಲ್ಲಿ ಎರಡನೆಯ ಭಾಗಕ್ಕೆ ಅರ್ಧ ತರಗತಿ ಮೇಲಕ್ಕೆ ಹೋಯಿತು, ಅರ್ಧ ಇಳಿಯಿತು. ನಡುವೆ ಟೆಸ್ ಒಬ್ಬಳೇ ಮೊದಲ ಭಾಗದಲ್ಲಿದ್ದಳು. ಜಿನೆಟ್ ನಗು ತಡೆಯಲಾರದೆ ಊದಿದ ಕೆನ್ನೆ ಹಿಡಿದುಕೊಂಡಳು. ಆದರೂ ಎಲ್ಲರೂ ಒಟ್ಟಿಗೇ ಮುಗಿಸಿದೆವು, ಅದು ದೊಡ್ಡದು. ಜನ ಕಾಲು ಕುಟ್ಟಿದ ಸದ್ದಿಗೆ ಕಿಟಕಿಗಳು ಅದುರಿದವು.

ಆಮೇಲೆ ಕುರ್ಚಿಗಳನ್ನು ಗೋಡೆಗೆ ಸರಿಸಿದರು. ಜೋಡಿ ಜೋಡಿಯಾಗಿ ಕುಣಿಯುವ ಚೌಕ ಕುಣಿತಕ್ಕೆ ನುಡಿಸುವವರು ಯಾರೆಂದು ಕೇಳಿದಾಗ ರೋನಾ ಯಾರ ಮುಖವನ್ನೂ ನೋಡದೆ ಹೋಗಿ ಪಿಯಾನೋ ಪಕ್ಕದಲ್ಲಿ ನಿಂತಳು. ಕಮಾನು ಬಿದ್ದ ಮೊದಲ ಏಟಿಗೇ ಲಾಕಿ ನನ್ನ ಭುಜ ಹಿಡಿದುಕೊಂಡ. ಅವನ ಕೈ ಬಿಡಿಸಿ ರಾಡಿ ನನ್ನನ್ನು ನಡುವಿಗೆ ಎಳೆದುಕೊಂಡು ಹೋದ.

"ಬಾ ಹುಡುಗಿ, ಇಲ್ಲಿ ಮೊಣಕೈ ತಾಗಿದ್ರೆ ತೊಂದ್ರೆ ಇಲ್ಲ."

ಸುತ್ತು ಬಂದಾಗಲೆಲ್ಲ ಕೈ ಹಿಡಿಯಬೇಕು. ಎಡಗೈ, ಬಲಗೈ, ಎಡಗೈ. ಯಾರ್ಯಾರೋ ಹಿಡಿದರು. ರೋನಾ ಅದೇ ರೀಲನ್ನು ಎತ್ತಿಕೊಂಡಳು, ಎರಡನೆಯ ಭಾಗದಲ್ಲಿ ಮತ್ತೆ ಇಳಿದಳು. ತಪ್ಪು. ಕಾಲು ಮಾತ್ರ ಎಲ್ಲೂ ತಪ್ಪಲಿಲ್ಲ.

ಜುಲೈ 22, ಮಂಗಳವಾರ

ಮನೆಗೆ ಬಂದ ಮೇಲೆ ಬರೆಯಲು ಪುರಸೊತ್ತಾಗಿಲ್ಲ. ಪ್ರತಿ ಮಂಗಳವಾರ ಅಡುಗೆಮನೆಯಲ್ಲಿ ಪಾಠ ಮತ್ತೆ ಶುರು ಮಾಡಿದ್ದೇನೆ. ಇವತ್ತು ಮೂವರು ಮಕ್ಕಳು ಬಂದಿದ್ದರು. ಬಾಯಲ್ಲಿ ಹೇಳಿದೆ, ರೋನಾ ತೋರಿಸಿದಳು. ರಾಡಿ ಫೋನಿನಲ್ಲೇ ಒಂದು ಮಟ್ಟು ನುಡಿಸಿ ಕೇಳಿಸಿದ. ಯಾವ ಮಟ್ಟು ಎಂದು ಗೊತ್ತಾಗಲಿಲ್ಲ, ಚೆನ್ನಾಗಿದೆ ಎಂದೆ. ಮುಂದಿನ ತಿಂಗಳು ಟೆಸ್‌ಳನ್ನು ಕರೆದುಕೊಂಡು ಬರುತ್ತಾನಂತೆ.

ಬಲಗೈಯ ಬೆರಳ ತುದಿಗಳು ಗಟ್ಟಿಯಾಗುತ್ತಿವೆ. ಮೂರನೆಯ ಬೆರಳು ಇನ್ನೂ ಸೋಮಾರಿ. ಈಗ, ಮಕ್ಕಳು ಹೋದ ಮೇಲೆ, ರೋನಾ ಮುಂದಿನ ಕೋಣೆಯಲ್ಲಿ ನುಡಿಸುತ್ತಿದ್ದಳು. ನಾನೂ ಪಿಟೀಲು ಎತ್ತಿಕೊಂಡು ಅಡುಗೆಮನೆಯಿಂದಲೇ ಸೇರಿಕೊಂಡೆ. ಎರಡನೆಯ ಸುತ್ತಿಗೇ ಹಿಂದೆ ಬಿದ್ದೆ.

"ಏ ನಿಧಾನ!" ಎಂದು ಕೂಗಿದೆ.

"ನೀನೇ ಬೇಗ ಬಾ," ಎಂದಳು. ನಿಧಾನ ಮಾಡಲಿಲ್ಲ.

ಒಲೆಯ ಮೇಲಿನ ಸಾರು ಇಳಿಸಿ ಬಂದಿದ್ದೇನೆ. ಇನ್ನೊಂದು ಸಲ ಅವಳನ್ನು ಹಿಡಿಯಲು ನೋಡುತ್ತೇನೆ.